ಲಿಸ್ಟ್ ಪ್ರಿಂಟ್ ಮಾಡಿದರೆ ಹೊಸ ಸಾಲು ಯಾಕೆ ಬರುತ್ತಿಲ್ಲ?

ಪೈಥಾನ್‌ನಲ್ಲಿ ಪಠ್ಯಗಳ ಲಿಸ್ಟನ್ನು ಪ್ರಿಂಟ್ ಮಾಡಿದಾಗ ಸಾಲು ಮುರಿಯುವ ಬದಲು ಹೊಸ ಸಾಲಿನ ಗುರುತಾದ ಬ್ಯಾಕ್‌ಸ್ಲ್ಯಾಶ್-ಎನ್ ಹಾಗೇ ಕಾಣುತ್ತಿದೆ ಎಂದು ಕೇಳಿದ್ದೀರಿ. ನಿಮ್ಮ ಪಠ್ಯದಲ್ಲಿ ತಪ್ಪೇನೂ ಇರಲಿಕ್ಕಿಲ್ಲ, ಅದನ್ನು ತೋರಿಸುತ್ತಿರುವ ರೀತಿಯೇ ಬೇರೆ. (ಆಜ್ಞೆಗಳನ್ನು ಉಚ್ಚಾರಣೆಯಂತೆ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಿ.)

ಇಡೀ ಲಿಸ್ಟನ್ನು ಪ್ರಿಂಟ್‌ಗೆ ಕೊಟ್ಟರೆ ಪೈಥಾನ್ ಒಳಗಿನ ಪ್ರತಿ ಪಠ್ಯವನ್ನೂ ರೆಪ್ರ್ (ಆರ್-ಇ-ಪಿ-ಆರ್) ರೂಪದಲ್ಲಿ ತೋರಿಸುತ್ತದೆ. ಅಂದರೆ ಕೋಡಿನಲ್ಲಿ ಬರೆಯುವ ಹಾಗೆ, ಕೋಟ್ ಗುರುತುಗಳ ಸಮೇತ. ಇದು ಬೇಕೆಂದೇ ಮಾಡಿದ್ದು: ಪಠ್ಯದೊಳಗೇ ಅಲ್ಪವಿರಾಮವೋ ಹೊಸ ಸಾಲೋ ಇದ್ದಾಗ ಒಂದು ಅಂಶ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಎಂದು ಇಲ್ಲದಿದ್ದರೆ ತಿಳಿಯುವುದೇ ಇಲ್ಲ. ಟ್ಯುಪಲ್, ಡಿಕ್ಷನರಿಗೂ ಇದೇ ನಿಯಮ. ಶೆಲ್‌ನಲ್ಲಿ ಪ್ರಿಂಟ್ ಬಳಸದೆ ಬರೀ ವೇರಿಯಬಲ್ ಹೆಸರು ಬರೆದು ಎಂಟರ್ ಒತ್ತಿದರೂ ಇದೇ ರೂಪ ಕಾಣುತ್ತದೆ.

ಆದ್ದರಿಂದ ಲಿಸ್ಟನ್ನಲ್ಲ, ಒಳಗಿನ ಪಠ್ಯಗಳನ್ನು ಪ್ರಿಂಟ್‌ಗೆ ಕೊಡಿ. ಹೊಸಬರಿಗೆ ಫಾರ್ ಲೂಪೇ ಒಳ್ಳೆಯದು, ಏನಾಗುತ್ತಿದೆ ಎಂದು ಕಣ್ಣಿಗೆ ಕಾಣುತ್ತದೆ. ಒಂದೇ ಸಾಲಿನಲ್ಲಿ ಮುಗಿಸಬೇಕೆಂದರೆ ಪ್ರಿಂಟ್‌ನೊಳಗೆ ಲಿಸ್ಟ್ ಹೆಸರಿಗೆ ಮೊದಲು ನಕ್ಷತ್ರ ಚಿಹ್ನೆ ಹಾಕಿ, ಅಂಶಗಳ ನಡುವೆ ಏನು ಬರಬೇಕೆಂದು ಹೇಳುವ ಸೆಪ್‌ಗೆ ಬ್ಯಾಕ್‌ಸ್ಲ್ಯಾಶ್-ಎನ್ ಕೊಡಿ. ಬ್ಯಾಕ್‌ಸ್ಲ್ಯಾಶ್-ಎನ್ ಪಠ್ಯದ ಮೇಲೆ ಜಾಯಿನ್ ಕರೆದು ಲಿಸ್ಟನ್ನು ಒಂದೇ ಪಠ್ಯವಾಗಿ ಜೋಡಿಸಲೂಬಹುದು. ಆದರೆ ಲಿಸ್ಟಿನಲ್ಲಿ ಸಂಖ್ಯೆ ಇದ್ದರೆ ಜಾಯಿನ್ ಟೈಪ್‌ಎರರ್ ಕೊಡುತ್ತದೆ, ಮೊದಲು ಮ್ಯಾಪ್ ಮೂಲಕ ಪ್ರತಿ ಅಂಶವನ್ನೂ ಎಸ್‌ಟಿಆರ್ (ಅಂದರೆ ಪಠ್ಯ) ಮಾಡಿಕೊಳ್ಳಿ. ನಕ್ಷತ್ರದ ವಿಧಾನಕ್ಕೆ ಈ ತೊಂದರೆ ಇಲ್ಲ. ಎಫ್-ಸ್ಟ್ರಿಂಗ್‌ನ (ನಡುವೆ ಮೌಲ್ಯಗಳನ್ನು ಸೇರಿಸಬಹುದಾದ ಪಠ್ಯ) ಪುಷ್ಪಾವರಣದೊಳಗೆ ಈ ಜಾಯಿನ್ ಬರೆದರೆ 3.12ಕ್ಕಿಂತ ಹಳೆಯ ಪೈಥಾನ್‌ನಲ್ಲಿ ಸಿಂಟ್ಯಾಕ್ಸ್ ಎರರ್ ಬರುತ್ತದೆ, ಹೊರಗೆ ಜೋಡಿಸಿಟ್ಟು ಒಳಗೆ ಹೆಸರು ಮಾತ್ರ ಬಳಸಿ.

ಇಡೀ ಲಿಸ್ಟನ್ನು ಎಸ್‌ಟಿಆರ್ ಮಾಡಿ, ಕೋಟ್, ಆವರಣಗಳನ್ನು ರೀಪ್ಲೇಸ್‌ನಿಂದ ಅಳಿಸುವ ದಾರಿ ದಯವಿಟ್ಟು ಹಿಡಿಯಬೇಡಿ. ಪಠ್ಯದೊಳಗೆ ಅವೇ ಚಿಹ್ನೆಗಳಿದ್ದರೆ ಅವೂ ಹೋಗುತ್ತವೆ.

ಫೈಲಿನಿಂದ ರೀಡ್‌ಲೈನ್ಸ್ ಬಳಸಿ ಓದಿದ್ದರೆ ಪ್ರತಿ ಸಾಲಿನ ಕೊನೆಗೂ ಹೊಸ ಸಾಲಿನ ಅಕ್ಷರ ಉಳಿದಿರುತ್ತದೆ. ಪ್ರಿಂಟ್ ತನ್ನದೊಂದನ್ನು ಸೇರಿಸುವುದರಿಂದ ಮಧ್ಯೆ ಖಾಲಿ ಸಾಲುಗಳು ಬೀಳುತ್ತವೆ. ಆರ್‌ಸ್ಟ್ರಿಪ್‌ಗೆ ಬ್ಯಾಕ್‌ಸ್ಲ್ಯಾಶ್-ಎನ್ ಕೊಟ್ಟು ತೆಗೆಯಿರಿ. ಏನೂ ಕೊಡದೆ ಕರೆದರೆ ಕೊನೆಯ ಸ್ಪೇಸ್, ಟ್ಯಾಬ್‌ಗಳೂ ಹೋಗುತ್ತವೆ.

ಲೂಪಿನಲ್ಲೂ ಬ್ಯಾಕ್‌ಸ್ಲ್ಯಾಶ್-ಎನ್ ಹಾಗೇ ಕಂಡರೆ ಮಾತ್ರ ಪಠ್ಯವನ್ನೇ ನೋಡಬೇಕು. ಇನ್‌ಪುಟ್‌ಗೆ ಕೀಬೋರ್ಡಿನಿಂದ ಟೈಪ್ ಮಾಡಿದ್ದು, ಆರ್ ಹಚ್ಚಿದ ರಾ ಸ್ಟ್ರಿಂಗ್, ಇವುಗಳಲ್ಲಿ ಅದು ಎರಡು ಪ್ರತ್ಯೇಕ ಅಕ್ಷರ. ಲೆನ್ ಬಳಸಿ ಎಣಿಸಿ: ನಿಜವಾದ ಹೊಸ ಸಾಲು 1 ಅಕ್ಷರ, ಇದು 2. ರೆಪ್ರ್‌ನಲ್ಲಿ ಬ್ಯಾಕ್‌ಸ್ಲ್ಯಾಶ್ ಜೋಡಿಯಾಗಿ ಕಾಣುತ್ತದೆ. ಹಾಗಿದ್ದರೆ ರೀಪ್ಲೇಸ್‌ನಲ್ಲಿ ಹುಡುಕುವ ಪಠ್ಯಕ್ಕೆ ಎರಡು ಬ್ಯಾಕ್‌ಸ್ಲ್ಯಾಶ್ ಮತ್ತು ಎನ್, ಬದಲಿಗೆ ಒಂದು ಬ್ಯಾಕ್‌ಸ್ಲ್ಯಾಶ್ ಮತ್ತು ಎನ್ ಕೊಡಿ.