ಮಾಸ್ತಿಯವರ ಕಾರ್ಡು ಎಲ್ಲಿಡುತ್ತೀರಿ?

ಪ್ರಿಯ ಲೇಖಕಿಯವರೆ,

ನೀವು ಕಳಿಸಿದ 'ಗ್ರಂಥಾಲಯ ವಿಜ್ಞಾನ: ಒಂದು ಅವಲೋಕನ' ಲೇಖನ ಓದಿದೆ. ಆಗಸ್ಟ್ 12ರ ಗ್ರಂಥಪಾಲಕರ ದಿನಕ್ಕೆ ಹೊಂದುವಂತೆ ಪ್ರಕಟಿಸಿ ಎಂದು ಕೇಳಿದ್ದೀರಿ. ಎಂ.ಲಿಬ್ ಮುಗಿಸಿ ಮಲೆನಾಡಿನ ಒಂದು ತಾಲ್ಲೂಕು ಊರಿನ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಿದ್ದೇನೆ ಎಂದೂ ಬರೆದಿದ್ದೀರಿ. ಭಾಷೆ ಶುದ್ಧವಾಗಿದೆ. ಇಸವಿಗಳು ಸರಿಯಾಗಿವೆ. ಕಾಗುಣಿತದ ತಪ್ಪಂತೂ ಇಲ್ಲವೇ ಇಲ್ಲ.

ಆದರೆ ಲೇಖನವನ್ನು ಹೀಗೇ ಹಾಕಲು ನನಗೆ ಮನಸ್ಸಿಲ್ಲ. ಸಾಮಾನ್ಯವಾಗಿ ಇಂಥ ಲೇಖನಕ್ಕೆ ಎರಡು ಸಾಲಿನ ಉತ್ತರ ಬರೆದು ವಾಪಸ್ ಕಳಿಸುತ್ತೇನೆ. ಈ ಸಲ ಇಷ್ಟು ಉದ್ದ ಬರೆಯಲು ಕಾರಣ ನಿಮ್ಮ ಒಂಬತ್ತನೇ ಪುಟ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನಾಲ್ಕನೇ ಪುಟ. ಅದನ್ನು ಓದಿ ನನಗೆ ನಿಜವಾಗಿಯೂ ಸಿಟ್ಟು ಬಂತು.

ಅಲ್ಲಿ ನೀವು ಬರೆದದ್ದು ಇದು: "ಗ್ರಂಥಾಲಯಕ್ಕೆ ಬಂದ ಪುಸ್ತಕಗಳನ್ನು ಪರಿಗ್ರಹಣ ವಹಿಯಲ್ಲಿ ದಾಖಲಿಸಲಾಗುತ್ತದೆ. ನಂತರ ಅವುಗಳನ್ನು ವರ್ಗೀಕರಿಸಲಾಗುತ್ತದೆ. ಲೇಖಕರ ಹೆಸರನ್ನು ನಿಯಮಾನುಸಾರ ನಮೂದಿಸಿ ಸೂಚೀಕರಿಸಲಾಗುತ್ತದೆ. ಬಳಿಕ ಕಪಾಟುಗಳಲ್ಲಿ ಜೋಡಿಸಲಾಗುತ್ತದೆ."

ಇದನ್ನೆಲ್ಲ ಮಾಡುವವರು ಯಾರು? ನೀವೇ ಅಲ್ವಾ? ಬೆಳಿಗ್ಗೆ ಬಾಗಿಲು ತೆಗೆದು, ಪಾರ್ಸೆಲ್ ಬಿಚ್ಚಿ, ಮುದ್ರೆ ಒತ್ತಿ, ನಂಬರ್ ಹಾಕುವವರು ನೀವು. ನಾಲ್ಕು ಸಾಲಿನಲ್ಲಿ ನಿಮ್ಮ ನೆರಳೂ ಕಾಣುವುದಿಲ್ಲ. ಸಾಲು ಸಾಲಾಗಿ ನೋಡೋಣ.

ಮೊದಲ ಸಾಲು. ಪರಿಗ್ರಹಣ ವಹಿಯನ್ನು ದಿನವಿಡೀ ನೀವು ಆಕ್ಸೆಷನ್ ರಿಜಿಸ್ಟರ್ ಎಂದೇ ಕರೆಯುತ್ತೀರಿ. ಹಾಗೇ ಬರೆಯಿರಿ. ಅದರಲ್ಲಿ ಏನಿರುತ್ತದೆ ಎಂದೂ ಹೇಳಿ. ಕ್ರಮಸಂಖ್ಯೆ, ತಾರೀಖು, ಲೇಖಕ, ಪ್ರಕಾಶಕ, ಬೆಲೆ, ಬಿಲ್ ನಂಬರ್. ಕೊನೆಗೆ ಷರಾ ಎಂಬ ಕಾಲಂ. ಒಂದು ಹಳೇ ರಿಜಿಸ್ಟರಿನ ಷರಾ ಕಾಲಂ ಮೇಲಿಂದ ಕೆಳಗೆ ಓದಿದರೆ ಯಾವ ಪುಸ್ತಕ ಕಳೆದಿದೆ, ಯಾವುದು ಹರಿದಿದೆ, ಯಾವುದಕ್ಕೆ ದಂಡ ಕಟ್ಟಿಸಿಕೊಂಡರು ಎಂದು ಗೊತ್ತಾಗುತ್ತದೆ. ಊರಿನ ಜನ ಏನನ್ನು ಬಿಡದೆ ಓದಿದರು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇನ್ನೆಲ್ಲಿದೆ?

ಎರಡನೆಯ ಸಾಲನ್ನು ಒಂಬತ್ತನೇ ಪುಟಕ್ಕೆ ಇಟ್ಟುಕೊಳ್ಳುತ್ತೇನೆ. ನಾಲ್ಕನೆಯದನ್ನು ಹೊಡೆದುಹಾಕಿ.

ಮೂರನೆಯ ಸಾಲು ನನ್ನನ್ನು ಜಾಸ್ತಿ ಕೆರಳಿಸಿತು. "ಲೇಖಕರ ಹೆಸರನ್ನು ನಿಯಮಾನುಸಾರ ನಮೂದಿಸಿ." ಯಾವ ನಿಯಮ? ಯಾವ ಹೆಸರು? ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರನ್ನೇ ತೆಗೆದುಕೊಳ್ಳಿ. ಮಾಸ್ತಿ ಎಂಬುದು ಕೋಲಾರ ಜಿಲ್ಲೆಯ ಒಂದು ಊರು. ವೆಂಕಟೇಶ ಅವರಿಗಿಟ್ಟ ಹೆಸರು. ಅಯ್ಯಂಗಾರ್ ಸಮುದಾಯದ ಹೆಸರು. ಕತೆಗಳ ಮೇಲೆ ಹಾಕಿಕೊಂಡ ಹೆಸರು ಶ್ರೀನಿವಾಸ. ಓದುಗರು ಪುಸ್ತಕ ಹುಡುಕಲು ನೋಡುವ ಅವರ ಹೆಸರಿನ ಕಾರ್ಡನ್ನು ಯಾವ ಅಕ್ಷರದ ಡ್ರಾಯರಿನಲ್ಲಿ ಇಡುತ್ತೀರಿ? ಮ, ವ, ಅ, ಶ, ಈ ನಾಲ್ಕರಲ್ಲಿ ಎಲ್ಲಿಟ್ಟರೂ ಒಂದು ಸಮರ್ಥನೆ ಕೊಡಬಹುದು. ಪಶ್ಚಿಮದಲ್ಲಿ ಹುಟ್ಟಿದ ನಿಯಮಕ್ಕೆ ಕೊನೆಯ ಪದವೇ ಮನೆತನದ ಹೆಸರು. ಅದರಂತೆ ನಡೆದರೆ ಮಾಸ್ತಿಯವರೂ ಗೊರೂರು ರಾಮಸ್ವಾಮಿ ಅಯ್ಯಂಗಾರರೂ ಒಂದೇ ಅಯ್ಯಂಗಾರ್ ಗುಂಪಿಗೆ ಹೋಗಿ ಬೀಳುತ್ತಾರೆ. ಗ್ರಂಥಾಲಯಕ್ಕೆ ಬಂದು "ಅಯ್ಯಂಗಾರರ ಪುಸ್ತಕ ಕೊಡಿ" ಎಂದು ಕೇಳುವವರನ್ನು ನಾನಂತೂ ಕಂಡಿಲ್ಲ. ಜನ "ಮಾಸ್ತಿ ಇದೆಯಾ?" "ಗೊರೂರು ಇದೆಯಾ?" ಎನ್ನುತ್ತಾರೆ. ಊರಿನ ಹೆಸರನ್ನೇ ಮನುಷ್ಯನ ಹೆಸರು ಮಾಡಿಕೊಂಡು ಓದಿದವರು ನಾವು.

ಕುವೆಂಪು ಎಂದು ಕೇಳುವವರಿಗೆ ಕೆ. ವಿ. ಪುಟ್ಟಪ್ಪ ಎಂಬ ಕಾರ್ಡು ತೋರಿಸಬೇಕೋ ಬೇಡವೋ? ತ್ರಿವೇಣಿಯವರ ಕಾದಂಬರಿ ಬೇಕೆಂದು ಬಂದವರಿಗೆ ಅನಸೂಯಾ ಶಂಕರ್ ಎಂಬ ಹೆಸರು ಗೊತ್ತಿರಲೇಬೇಕೇ? ಬೇಂದ್ರೆಯವರ ಪದ್ಯಗಳನ್ನು ಅಂಬಿಕಾತನಯದತ್ತ ಎಂದು ಹುಡುಕುವವರಿಗೆ ಏನು ದಾರಿ? ಓದುಗರು ಯಾವ ಹೆಸರಿನಿಂದ ಹೆಚ್ಚು ಬಲ್ಲರೋ ಅದನ್ನೇ ಮುಖ್ಯವಾಗಿ ಹಿಡಿಯಿರಿ, ಉಳಿದ ಹೆಸರುಗಳಿಂದ 'ನೋಡಿ' ಎಂದು ದಾರಿ ತೋರಿಸಿ ಎನ್ನುತ್ತವೆ ಈಗಿನ ನಿಯಮಗಳು. ಹೇಳುವುದು ಸುಲಭ. ಯಾವ ಓದುಗ, ಯಾವ ಊರಿನಲ್ಲಿ, ಯಾವ ಹೆಸರಿನಿಂದ ಬಲ್ಲ ಎಂದು ತೀರ್ಮಾನ ಮಾಡುವವರು ಕೌಂಟರಿನಲ್ಲಿ ಕೂತ ನೀವು. ಎರಡು ವರ್ಷ ಓದಿ ಪದವಿ ತೆಗೆದುಕೊಂಡದ್ದು ಈ ತೀರ್ಮಾನಕ್ಕಾಗಿ. ಅದನ್ನು 'ನಿಯಮಾನುಸಾರ' ಎಂಬ ಒಂದು ಪದದಲ್ಲಿ ಮುಗಿಸಿಬಿಟ್ಟರೆ ನಿಮ್ಮ ವಿದ್ಯೆಗೆ ನೀವೇ ಬೆಲೆ ಕೊಡದಂತೆ ಆಗುತ್ತದೆ.

ಇನ್ನೊಂದು ಮಾತು. ಲೇಖನದ ತುಂಬ ಎಸ್. ಆರ್. ರಂಗನಾಥನ್, ಎಸ್. ಆರ್. ರಂಗನಾಥನ್ ಎಂದು ಬರೆದಿದ್ದೀರಿ. ಆ ಎರಡು ಅಕ್ಷರ ಬಿಡಿಸಿ ನೋಡಿದ್ದೀರಾ? ಶಿಯಾಳಿ ರಾಮಾಮೃತ ರಂಗನಾಥನ್. ಊರು, ತಂದೆ, ಆಮೇಲೆ ಹೆಸರು. ಮಾಸ್ತಿಯವರ ತೊಡಕೇ ಅವರ ಹೆಸರಿನಲ್ಲೂ ಇದೆ. 1934ರಲ್ಲಿ ಅವರು ತಂದ ಕ್ಯಾಟಲಾಗ್ ಸಂಹಿತೆಯಲ್ಲಿ, ಅಂದರೆ ಪುಸ್ತಕಗಳ ಸೂಚಿ ಮಾಡುವ ನಿಯಮಗಳಲ್ಲಿ, ನಮ್ಮ ಹೆಸರುಗಳ ಈ ಸಮಸ್ಯೆಯನ್ನು ಎತ್ತಿಕೊಂಡಿದ್ದಾರೆ. 'ಗ್ರಂಥಾಲಯ ವಿಜ್ಞಾನದ ಪಿತಾಮಹ' ಎಂದು ಮೂರು ಕಡೆ ಬರೆಯುವ ಬದಲು ಇದನ್ನು ಒಂದು ಕಡೆ ಬರೆದಿದ್ದರೆ ಅವರು ಯಾಕೆ ದೊಡ್ಡವರು ಎಂಬುದು ಓದುಗರಿಗೆ ತಾನಾಗಿ ತಿಳಿಯುತ್ತಿತ್ತು.

ಈಗ ಕಂಪ್ಯೂಟರ್ ಇದೆಯಲ್ಲ, ಕೋಹಾ, ಇ-ಗ್ರಂಥಾಲಯದಂಥ ಗ್ರಂಥಾಲಯ ತಂತ್ರಾಂಶದಲ್ಲಿ ಹುಡುಕಿದರೆ ಸಿಗುತ್ತದೆ ಎಂದು ನೀವು ಹೇಳಬಹುದು. ಏಳನೇ ಪುಟದಲ್ಲಿ ಹೇಳಿಯೂ ಇದ್ದೀರಿ. ಸಿಗುವುದಿಲ್ಲ. ಯಾರಾದರೂ ಕೂತು ಒಂದು ಹೆಸರಿಗೆ ಇನ್ನೊಂದು ಹೆಸರನ್ನು ಜೋಡಿಸಿಟ್ಟಿದ್ದರೆ ಮಾತ್ರ ಸಿಗುತ್ತದೆ. ಎಷ್ಟೋ ಕಾಲೇಜುಗಳಲ್ಲಿ ಕನ್ನಡ ಪುಸ್ತಕದ ವಿವರಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ತುಂಬಿದ್ದಾರೆ. ಕಾರಂತ ಎಂಬುದನ್ನು ಒಬ್ಬರು ಒಂದು ರೀತಿ ಬರೆದರೆ ಇನ್ನೊಬ್ಬರು ಕೊನೆಗೊಂದು ಅಕ್ಷರ ಸೇರಿಸಿ ಬರೆದಿರುತ್ತಾರೆ. ಪುಸ್ತಕ ಕಪಾಟಿನಲ್ಲೇ ಇದ್ದರೂ ಪರದೆಯ ಮೇಲೆ ಇಲ್ಲ ಎಂದು ಬರುತ್ತದೆ. ಹುಡುಗರು ಹಾಗೇ ಎದ್ದು ಹೋಗುತ್ತಾರೆ.

ಈ ವಿಷಯದಲ್ಲಿ ನಾನು ಇಷ್ಟು ಹಠ ಹಿಡಿಯುವುದಕ್ಕೆ ಕಾರಣ ಇದೆ. ಪತ್ರಿಕೆಗೆ ಸೇರಿದ ಹೊಸದರಲ್ಲಿ ನನ್ನನ್ನು ಡೆಸ್ಕಿಗೆ ಹಾಕಲಿಲ್ಲ, ಕಟಿಂಗ್ ವಿಭಾಗಕ್ಕೆ ಹಾಕಿದರು. ಕತ್ತರಿ, ಅಂಟು, ಕೆಂಪು ಪೆನ್ಸಿಲ್, ಗೋಡೆಯುದ್ದಕ್ಕೂ ಕಬ್ಬಿಣದ ಡ್ರಾಯರುಗಳು. ಬೆಳಿಗ್ಗೆ ಎಲ್ಲ ಪತ್ರಿಕೆ ಓದಿ ಸುದ್ದಿ ಕತ್ತರಿಸಿ, ಹಾಳೆಗೆ ಅಂಟಿಸಿ, ತಾರೀಖು ಹಾಕಿ, ಮೇಲೆ ವಿಷಯ ಬರೆದು ಲಕೋಟೆಗೆ ಸೇರಿಸಬೇಕು. ಅಲ್ಲಿದ್ದ ಹಿರಿಯರೊಬ್ಬರು ನಾನು ಬರೆದ ವಿಷಯ ನೋಡಿ ಪ್ರತಿ ಸಲ ಒಂದೇ ಪ್ರಶ್ನೆ ಕೇಳುತ್ತಿದ್ದರು. "ಇದನ್ನ ಯಾರು ಕೇಳ್ಕೊಂಡು ಬರ್ತಾರೆ? ಏನಂತ ಕೇಳ್ತಾರೆ?"

ಜಾತ್ರೆಗೆ ಹೊರಟ ದೋಣಿ ಹೊಳೆಯಲ್ಲಿ ಮಗುಚಿದ ಸುದ್ದಿ ಒಂದು ಬಂತು. ನಾನು 'ದೋಣಿ ದುರಂತ' ಎಂದು ಬರೆದೆ. ಅವರು ಸರಿ ಎಂದರು. ಆಮೇಲೆ ಎರಡು ಖಾಲಿ ಚೀಟಿ ತೆಗೆದರು. ಜಿಲ್ಲಾ ವರದಿಗಾರ ಬಂದರೆ ಆ ಊರಿನ ಜಾತ್ರೆ ಎಂದು ಕೇಳುತ್ತಾನೆ, ಅದಕ್ಕೊಂದು ಚೀಟಿ. ಎರಡನೆಯದರ ಮೇಲೆ 'ಸೇತುವೆ' ಎಂದು ಬರೆದರು. ಸುದ್ದಿಯಲ್ಲಿ ಸೇತುವೆಯ ಮಾತೇ ಇರಲಿಲ್ಲ. ಆ ಹೊಳೆಗೆ ಸೇತುವೆ ಇರಲಿಲ್ಲ, ಅದಕ್ಕೇ ಜನ ದೋಣಿ ಹತ್ತಿದ್ದರು. "ನಾಳೆ ಯಾರೋ ಸೇತುವೆ ಬೇಕು ಅಂತ ಲೇಖನ ಬರೀತಾರೆ. ಅವರಿಗೆ ಇದು ಸಿಗಬೇಕು" ಎಂದರು. ಸುದ್ದಿಯಲ್ಲಿಲ್ಲದ ಪದವನ್ನು ಯಾವ ಯಂತ್ರ ಹುಡುಕಿ ಕೊಡುತ್ತದೆ ಹೇಳಿ?

ಅವರ ಮೇಜಿನ ಮೇಲೆ ಒಂದು ಉದ್ದನೆಯ ನೋಟ್‌ಬುಕ್ಕೂ ಇತ್ತು. ಯಾರು ಬಂದು ಏನು ಕೇಳಿದರೂ ಅವರ ಬಾಯಿಂದ ಬಂದ ಮಾತಿನಲ್ಲೇ ಅದರಲ್ಲಿ ಬರೆಯಬೇಕಿತ್ತು. ನಾವು ಅದನ್ನು ತಿದ್ದುವಂತಿರಲಿಲ್ಲ. ಸಂಜೆ ಆ ಪಟ್ಟಿಯನ್ನು ಡ್ರಾಯರಿನ ಹೆಸರುಗಳ ಪಕ್ಕ ಇಟ್ಟು ನೋಡುತ್ತಿದ್ದರು. ಎಲ್ಲಿ ಹೊಂದಲಿಲ್ಲವೋ ಅಲ್ಲಿ ಹೊಸ ಚೀಟಿ. ಗ್ರಂಥಾಲಯ ವಿಜ್ಞಾನದ ಪದವಿ ಅವರಿಗಿರಲಿಲ್ಲ. ನಾನು ಕಂಡ ಗ್ರಂಥಪಾಲಕರಲ್ಲಿ ಅವರಿಗಿಂತ ದೊಡ್ಡವರಿಲ್ಲ. ಯಾವುದೇ ಲೇಖನ ಕೈಗೆ ಬಂದರೂ ಇವತ್ತಿಗೂ ಅವರ ಆ ಎರಡು ಪ್ರಶ್ನೆಗಳಿಂದಲೇ ಓದಲು ಶುರು ಮಾಡುತ್ತೇನೆ.

ಈಗ ಒಂಬತ್ತನೇ ಪುಟ. "ಒಮ್ಮೆ ಒಬ್ಬ ಅಡಿಕೆ ಬೆಳೆಗಾರರು ಕೊಳೆರೋಗದ ಬಗ್ಗೆ ಪುಸ್ತಕ ಕೇಳಿದರು. ಪುಸ್ತಕವು ಸಸ್ಯಶಾಸ್ತ್ರ ವಿಭಾಗದಲ್ಲಿದ್ದುದರಿಂದ ತಕ್ಷಣ ಒದಗಿಸಲು ಸಾಧ್ಯವಾಗಲಿಲ್ಲ. ಇದರಿಂದ ವರ್ಗೀಕರಣದ ಮಹತ್ವ ತಿಳಿಯುತ್ತದೆ."

ಹನ್ನೆರಡು ಪುಟದಲ್ಲಿ ಒಬ್ಬ ಮನುಷ್ಯ ಬಾಗಿಲು ದಾಟಿ ಒಳಗೆ ಬಂದದ್ದು ಇಲ್ಲೊಂದೇ ಕಡೆ. ಅವರನ್ನು ಮೂರೇ ಸಾಲಿನಲ್ಲಿ ಹೊರಗೆ ಕಳಿಸಿಬಿಟ್ಟಿರಿ.

"ಒಮ್ಮೆ" ಎಂದರೆ ಯಾವಾಗ? ಮಳೆಗಾಲದಲ್ಲಿ ಅಡಿಕೆ ಕಾಯಿಯನ್ನು ಕೊಳೆಸಿ ಉದುರಿಸುವ ಕೊಳೆರೋಗದ ವಿಷಯದಲ್ಲಿ ಅದೇ ಮುಖ್ಯ. ಮಳೆಗಾಲ ಹಿಡಿಯುವ ಮೊದಲು ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ ಬೋರ್ಡೋ ದ್ರಾವಣ ಹೊಡೆಯಬೇಕು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮಳೆ ಬಿಡದಿದ್ದರೆ ಹೊಡೆಯಲಾಗುವುದಿಲ್ಲ. ಕಾಯಿ ಉದುರಲು ಶುರುವಾದ ಮೇಲೆ ಒಂದೊಂದು ದಿನವೂ ನಷ್ಟ. ಅವರು ಬಂದದ್ದು ಮೇ ತಿಂಗಳಲ್ಲೋ, ಜುಲೈ ಮಳೆಯಲ್ಲೋ? ನೀವು ಆರನೇ ಪುಟದಲ್ಲಿ ರಂಗನಾಥನ್ ಅವರ 1931ರ ಐದು ಸೂತ್ರಗಳನ್ನು ಪಟ್ಟಿ ಮಾಡಿ, ನಾಲ್ಕನೆಯದಾಗಿ 'ಓದುಗರ ಸಮಯ ಉಳಿಸಿ' ಎಂದು ಬರೆದಿದ್ದೀರಿ. ಆ ಸೂತ್ರ ಕಂಬಳಿ ಹೊದ್ದು ನಿಮ್ಮ ಕೌಂಟರಿನ ಮುಂದೆ ನಿಂತಿತ್ತು.

"ಕೇಳಿದರು" ಎಂದರೆ ಏನೆಂದು ಕೇಳಿದರು? ಕೊಳೆರೋಗ ಎಂದರೋ, ಕೊಳೆ ಬಂದಿದೆ ಎಂದರೋ, ಬರೀ ಅಡಿಕೆ ಪುಸ್ತಕ ಎಂದರೋ? ಅವರ ಮಾತು ನಿಮಗೆ ನೆನಪಿದ್ದರೆ ಅದೇ ಬೇಕು.

"ಸಸ್ಯಶಾಸ್ತ್ರ ವಿಭಾಗದಲ್ಲಿದ್ದುದರಿಂದ." ನಾಲ್ಕನೇ ಪುಟದ ಎರಡನೆಯ ಸಾಲು ಇಲ್ಲಿ ಬಂದು ಕೂರಬೇಕು. ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಸಸ್ಯಶಾಸ್ತ್ರ 580, ಕೃಷಿ 630. ಗಿಡದ ರೋಗಗಳಿಗೆಂದೇ 632 ಇದೆ. ಆದರೆ ಒಂದೇ ಬೆಳೆಯ ರೋಗವಾದರೆ ಅದನ್ನು ಆ ಬೆಳೆಯ ಜೊತೆಗೇ, 633ರಿಂದ 635ರ ಒಳಗೆ ಇಡಬೇಕು. ಅಂದರೆ ಈ ಒಂದು ಪುಸ್ತಕಕ್ಕೆ ಮೂರು ರ‍್ಯಾಕುಗಳು ಬಾಯಿ ತೆರೆದು ಕಾಯುತ್ತಿವೆ. ಯಾರು, ಯಾಕೆ 580ಕ್ಕೆ ಹಾಕಿದರು? ಹೆಸರಿನಲ್ಲಿ ಸಸ್ಯ ಎಂಬ ಪದ ಇತ್ತು ಎಂದೇ? ಬೆಳೆಗಾರನ ಕಣ್ಣಿನಲ್ಲಿ ಅಡಿಕೆ ಮರ ಸಸ್ಯಶಾಸ್ತ್ರ ಅಲ್ಲ, ವರ್ಷದ ದುಡಿಮೆ.

ಎರಡನೇ ಪುಟದಲ್ಲಿ ನೀವು ಲಂಡನ್ನಿನ ಸೆಲ್ಫ್ರಿಜಸ್ ಅಂಗಡಿಯಲ್ಲಿ ರಂಗನಾಥನ್ ಬಿಡಿ ತುಂಡುಗಳನ್ನು ಜೋಡಿಸಿ ಆಡುವ ಮೆಕಾನೊ ಆಟಿಕೆ ನೋಡಿದ ಕಥೆ ಹೇಳಿದ್ದೀರಿ. ಅಲ್ಲಿ ಅದು ಅಲಂಕಾರಕ್ಕೆ ಮಾತ್ರ ಇದೆ. ಐದನೇ ಪುಟದಲ್ಲಿ, ಯಾವುದೇ ವಿಷಯವನ್ನು ಬಿಡಿಸಲು ಅವರು ಕೊಟ್ಟ ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ ಎಂದು ಐದು ಪದ ಜೋಡಿಸಿ ಮುಂದೆ ಹೋಗಿದ್ದೀರಿ. ಒಂದೂ ಉದಾಹರಣೆ ಇಲ್ಲ. ಎರಡನ್ನೂ ಇಲ್ಲಿಗೆ ತನ್ನಿ. ಸಿದ್ಧ ಗೂಡುಗಳಲ್ಲಿ ವಿಷಯವನ್ನು ತುರುಕುವ ಬದಲು, ಅದನ್ನು ಬಿಡಿ ತುಂಡು ಮಾಡಿ ಬೇಕಾದಂತೆ ಜೋಡಿಸಬಹುದು ಎಂದು ಆ ಆಟಿಕೆ ನೋಡಿದಾಗ ಅವರಿಗೆ ಹೊಳೆಯಿತು. 1933ರಲ್ಲಿ ಬಂದ ಕೋಲನ್ ವರ್ಗೀಕರಣದ ಬೇರು ಅಲ್ಲಿದೆ. ನಿಮ್ಮ ಬೆಳೆಗಾರರ ಪ್ರಶ್ನೆಯನ್ನು ಬಿಡಿಸಿ ನೋಡಿ. ಯಾವ ಬೆಳೆ? ಅಡಿಕೆ. ಅದಕ್ಕೆ ಏನಾಗಿದೆ? ಕೊಳೆರೋಗ. ಏನು ಮಾಡಬೇಕು? ಔಷಧಿ ಹೊಡೆಯುವುದು, ಇಲ್ಲವೇ ಹಿಂದಿನವರಂತೆ ಅಡಿಕೆ ಗೊನೆಗೆ ಮಳೆ ತಾಗದಂತೆ ಕೊಟ್ಟೆ ಕಟ್ಟುವುದು. ಎಲ್ಲಿ? ಮಲೆನಾಡು. ಯಾವಾಗ? ಈ ಮಳೆಗಾಲ. ಅವರು ಒಂದೇ ಉಸಿರಿನಲ್ಲಿ ಕೇಳಿದ್ದರಲ್ಲಿ ಇಷ್ಟೂ ಇತ್ತು. ಪಠ್ಯಪುಸ್ತಕದಲ್ಲಿರುವ ಕ್ಷಯರೋಗ ಮತ್ತು ಎಕ್ಸ್-ರೇಯ ಹಳೇ ಉದಾಹರಣೆಗಿಂತ ಇದು ನಿಮ್ಮ ಓದುಗರಿಗೆ ಎಷ್ಟು ಹತ್ತಿರ, ಯೋಚಿಸಿ.

"ತಕ್ಷಣ ಒದಗಿಸಲು ಸಾಧ್ಯವಾಗಲಿಲ್ಲ." ಹಾಗಾದರೆ ಯಾವಾಗ ಸಿಕ್ಕಿತು? ಅವರು ಮತ್ತೆ ಬಂದರೇ? ಮನೆ ಕಂದಾಯದ ಜೊತೆ ಗ್ರಂಥಾಲಯ ಕರ ಕಟ್ಟುವವರು ಅವರು. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಬಗ್ಗೆ ನೀವು ಅರ್ಧ ಪುಟ ಬರೆದಿದ್ದೀರಿ, ಈ ಸಂಬಂಧ ಅಲ್ಲಿ ಕಾಣಲಿಲ್ಲ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲೇ ಈ ರೋಗದ ಮೇಲೆ ಬುಲೆಟಿನ್ ತಂದಿದ್ದರು. ನೂರು ವರ್ಷಕ್ಕೂ ಹಿಂದೆ ಶುರುವಾದ ತಿಳಿವಳಿಕೆ ತೋಟದವರ ಕೈಗೆ ಹೋಗಲು ಇನ್ನೂ ಒಂದು ರ‍್ಯಾಕು ಅಡ್ಡ ಬರುತ್ತದೆ ಎಂದರೆ ಅದನ್ನು ಹೇಳಲು ನಿಮಗಿಂತ ಸರಿಯಾದವರು ಯಾರಿದ್ದಾರೆ?

"ಮಹತ್ವ ತಿಳಿಯುತ್ತದೆ" ಎಂಬ ಸಾಲು ಬೇಡ. ಮೇಲಿನದನ್ನೆಲ್ಲ ಬರೆದರೆ ಅದು ಯಾರಿಗೂ ಬೇಕಾಗುವುದಿಲ್ಲ.

ಉಳಿದ ಪುಟಗಳ ಬಗ್ಗೆ ನಾನು ಏನೂ ಹೇಳುವುದಿಲ್ಲ. ಒಂಬತ್ತನೇ ಪುಟದಿಂದ ಶುರು ಮಾಡಿ ಹೊಸದಾಗಿ ಬರೆಯಿರಿ. ಹೆಸರುಗಳ ವಿಷಯಕ್ಕೆ ಜಾಗ ಸಾಲದಿದ್ದರೆ ಅದನ್ನು ಬೇರೆ ಲೇಖನ ಮಾಡಿ, ಎರಡನ್ನೂ ಓದುತ್ತೇನೆ. ಆರು ಪುಟ ಮೀರಬೇಡಿ. ನಿಮ್ಮ ಮೇಲಿನ ಅಧಿಕಾರಿಗಳು ಬೇಸರ ಮಾಡಿಕೊಂಡಾರು ಎಂಬ ಅಂಜಿಕೆ ಇದ್ದರೆ ಊರಿನ ಹೆಸರು ಬಿಡಿ, ನಡೆದದ್ದನ್ನು ಮಾತ್ರ ಬಿಡಬೇಡಿ. ಆಗಸ್ಟ್ 12ರೊಳಗೆ ಆಗದಿದ್ದರೂ ಚಿಂತೆಯಿಲ್ಲ, ಬಂದ ತಿಂಗಳ ಸಂಚಿಕೆಯಲ್ಲೇ ಜಾಗ ಮಾಡುತ್ತೇನೆ.

ವಿಶ್ವಾಸದಿಂದ,
ಸಂಪಾದಕ