ಎರಡಂತಸ್ತಿನ ಮನೆಯಲ್ಲಿ ರೂಟರ್ ಕೆಳಗಿದೆ, ಮಹಡಿಯಲ್ಲಿ ವೈಫೈ ಸರಿಯಾಗಿ ಸಿಗುತ್ತಿಲ್ಲ. ಏನು ಮಾಡಬೇಕು?

ಮೊದಲು ರೂಟರ್ ಇರುವ ಜಾಗ ನೋಡಿ. ಟಿವಿ ಹಿಂದೆಯೋ ಕಬ್ಬಿಣದ ಬೀರುವಿನ ಪಕ್ಕದಲ್ಲೋ ಇದ್ದರೆ ತೆಗೆದು ಮೆಟ್ಟಿಲ ಹತ್ತಿರ, ಎತ್ತರದಲ್ಲಿಡಿ. ಕಬ್ಬಿಣ ಕಟ್ಟಿದ ಕಾಂಕ್ರೀಟ್ ಛಾವಣಿ ಸಿಗ್ನಲನ್ನು, ಅದರಲ್ಲೂ ವೈಫೈನ ಹೆಚ್ಚು ಆವರ್ತನದ ಬ್ಯಾಂಡ್ ಆದ 5 ಗಿಗಾಹರ್ಟ್ಸ್‌ನದನ್ನು, ನುಂಗಿಬಿಡುತ್ತದೆ. ಮೆಟ್ಟಿಲ ತೆರವಿನಲ್ಲಿ ಅದು ಸಲೀಸಾಗಿ ಮೇಲೇರುತ್ತದೆ. ನೆಟ್ಟಗೆ ನಿಂತ ಆಂಟೆನಾ ಅಲೆಗಳನ್ನು ಸುತ್ತಲೂ ಅಡ್ಡಕ್ಕೆ ಹರಡುತ್ತದೆ, ಹಾಗಾಗಿ ಮೇಲಕ್ಕೂ ಹೋಗಲೆಂದು ಒಂದನ್ನು ಮಲಗಿಸಿ ನೋಡಿ.

ರಿಪೀಟರ್‌ಗೆ (ವೈಫೈ ಸಿಗ್ನಲ್ ಪಡೆದು ಮತ್ತೆ ಹರಡುವ ಪೆಟ್ಟಿಗೆ) ದುಡ್ಡು ಹಾಕುವ ಮುಂಚೆ ಯೋಚಿಸಿ. ಒಂದೇ ರೇಡಿಯೋದಲ್ಲಿ ಪಡೆದು ಅದರಲ್ಲೇ ಮತ್ತೆ ಕಳಿಸುವಂಥದ್ದು ವೇಗವನ್ನು ಹೆಚ್ಚುಕಡಿಮೆ ಅರ್ಧಕ್ಕಿಳಿಸುತ್ತದೆ. ಸಿಗ್ನಲ್ಲೇ ಇಲ್ಲದ ಕೋಣೆಯಲ್ಲಿಟ್ಟರಂತೂ ದಂಡ.

ನನ್ನ ಪ್ರಕಾರ ಗಟ್ಟಿ ಪರಿಹಾರ ಕೇಬಲ್. ಮಹಡಿಗೆ ಕ್ಯಾಟ್ 6 ನೆಟ್‌ವರ್ಕ್ ಕೇಬಲ್ ಎಳೆದು ಆಕ್ಸೆಸ್ ಪಾಯಿಂಟ್ (ಕೇಬಲಿನಲ್ಲಿ ಬಂದ ಇಂಟರ್ನೆಟ್ಟನ್ನು ವೈಫೈ ಆಗಿ ಹರಡುವ ಪೆಟ್ಟಿಗೆ) ಕೂರಿಸಿ. ಹಳೆಯ ರೂಟರ್ ಇದ್ದರೆ ಅದೇ ಸಾಕು. ಮೊದಲ ರೂಟರಿನ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಅದನ್ನು ಗುರುತಿಸುವ ಸಂಖ್ಯೆ) 192.168.1.1 ಆಗಿದ್ದರೆ ಇದಕ್ಕೆ 192.168.1.2 ಕೊಡಿ, ಡಿಎಚ್‌ಸಿಪಿ (ಫೋನು, ಕಂಪ್ಯೂಟರುಗಳಿಗೆ ವಿಳಾಸ ಹಂಚುವ ಸೌಲಭ್ಯ) ಆಫ್ ಮಾಡಿ, ಕೇಬಲನ್ನು ಹೊರಗಿನ ಇಂಟರ್ನೆಟ್ಟಿನ ವ್ಯಾನ್ ಪೋರ್ಟಿಗಲ್ಲ, ಮನೆಯೊಳಗಿನ ಸಾಧನಗಳಿಗಿರುವ ಲ್ಯಾನ್ ಪೋರ್ಟಿಗೇ ಚುಚ್ಚಿ. ಡಿಎಚ್‌ಸಿಪಿ ಆಫ್ ಮಾಡಲು ಮರೆತರೆ ಎರಡೂ ರೂಟರ್ ವಿಳಾಸ ಹಂಚತೊಡಗುತ್ತವೆ. ಆಗ ಕೆಲವು ಫೋನುಗಳಲ್ಲಿ ವೈಫೈ ಕನೆಕ್ಟ್ ಆಗಿದ್ದರೂ ಇಂಟರ್ನೆಟ್ ಬರುವುದಿಲ್ಲ. ವೈಫೈ ಹೆಸರು, ಪಾಸ್‌ವರ್ಡ್ ಎರಡರಲ್ಲೂ ಒಂದೇ ಇರಲಿ. 2.4 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೊಂದು ಅಡ್ಡಿಯಾಗದಂತೆ ಚಾನೆಲ್ ಮಾತ್ರ ಬೇರೆ: ಕೆಳಗೆ 1, ಮೇಲೆ 6 ಅಥವಾ 11.

ಗೋಡೆ ಕೊರೆಯಲು ಆಗದಿದ್ದರೆ ಟ್ರೈ-ಬ್ಯಾಂಡ್ ಮೆಶ್ (ಮೂರು ಬ್ಯಾಂಡಿನ, ಒಂದೇ ವೈಫೈ ಆಗಿ ಕೆಲಸ ಮಾಡುವ ಪೆಟ್ಟಿಗೆಗಳ ಸೆಟ್) ತಗೊಳ್ಳಿ. ಎರಡನೇ ಪೆಟ್ಟಿಗೆಯನ್ನು ಮೂಲೆಕೋಣೆಯಲ್ಲಲ್ಲ, ಮೆಟ್ಟಿಲು ಮುಗಿಯುವಲ್ಲಿ ಇಡಿ. ವೈಫೈ ಅನಲೈಸರ್ ಆ್ಯಪ್‌ನಲ್ಲಿ ಅಲ್ಲಿ ಮೊದಲ ಪೆಟ್ಟಿಗೆಯ ಸಿಗ್ನಲ್ -65 ಡಿಬಿಎಂ (ಸಿಗ್ನಲ್ ಬಲದ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು) ಆಸುಪಾಸು ತೋರಿಸಬೇಕು; -75 ತೋರಿಸಿದರೆ ಇನ್ನೂ ಹತ್ತಿರಕ್ಕೆ ತನ್ನಿ.