ಗೋಡೆಯ ಮೇಲಿನ ಫಲಕವನ್ನು ಓದಿದಿರಾ?

ಮಾನ್ಯರೇ,

‘ಕಾದಂಬರಿಗಳು ಹುಟ್ಟಿದ ಮನೆಗಳು’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಬರುವುದಿಲ್ಲ. ಸುಮ್ಮನೆ ಹಿಂದಿರುಗಿಸಲೂ ಮನಸ್ಸಿಲ್ಲ.

ಒಂಬತ್ತು ಮನೆಗಳನ್ನು ಒಂದೇ ಉಸಿರಿನಲ್ಲಿ ಸುತ್ತಿಸಿ, ಪ್ರತಿಯೊಂದಕ್ಕೂ ‘ಕಾದಂಬರಿಯಲ್ಲಿ ಬರುವ ಮನೆ ಇದೇ’ ಎಂದು ಮುದ್ರೆ ಒತ್ತಿದ್ದೀರಿ. ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿರುವ ಟಾಪ್ ವಿದೆನ್ಸ್ ಎಂಬ ಪಾಳು ಮನೆಯನ್ನೇ ನೋಡಿ. ಎಮಿಲಿ ಬ್ರಾಂಟೆಯ ‘ವುದರಿಂಗ್ ಹೈಟ್ಸ್’ ಕಾದಂಬರಿಯಲ್ಲಿ ಅದೇ ಹೆಸರಿನ ಮನೆ ಇದೇ ಎನ್ನುತ್ತೀರಿ. ಆ ಗೋಡೆಯ ಮೇಲೆ 1964ರಲ್ಲಿ ಬ್ರಾಂಟೆ ಸೊಸೈಟಿ ಹಾಕಿಸಿದ ಫಲಕ ಹೇಳುವುದೇ ಬೇರೆ: ಕಟ್ಟಡ ಇಡಿಯಾಗಿದ್ದಾಗಲೂ ಕಾದಂಬರಿಯ ಮನೆಯನ್ನು ಹೋಲುತ್ತಿರಲಿಲ್ಲ, ಅದು ನಿಂತ ಜಾಗ ಮಾತ್ರ ಲೇಖಕಿಯ ಮನಸ್ಸಿನಲ್ಲಿ ಇದ್ದಿರಬಹುದು. ಬಹಳ ಜನ ವಿಚಾರಿಸುತ್ತಿದ್ದುದರಿಂದ ಫಲಕ ಹಾಕಿದ್ದೇವೆ ಎಂಬ ಮಾತೂ ಅದರಲ್ಲೇ ಇದೆ. ಕೇಳಿ ಕೇಳಿ ಸಾಕಾದವರ ದನಿ ಅದು. ನನಗೆ ನೆನೆದಾಗಲೆಲ್ಲ ನಗು ಬರುತ್ತದೆ. ನಿಮ್ಮ ಲೇಖನ ಶುರುವಾಗಬೇಕಾದದ್ದು ಅಲ್ಲಿಂದ.

ಹಾಗಾದರೆ ಆ ಮನೆಯ ಮುಖ ಎಲ್ಲಿಯದು? ಕಾದಂಬರಿಯ ಮೊದಲ ಅಧ್ಯಾಯ ತೆಗೆಯಿರಿ. ಕಥೆ ಹೇಳುವ ಲಾಕ್‌ವುಡ್ ಹೊಸ್ತಿಲು ದಾಟುವ ಮುನ್ನ ತಲೆಯೆತ್ತಿ ನೋಡುತ್ತಾನೆ. ಬಾಗಿಲ ಮೇಲೆ ಹದ್ದಿನ ತಲೆ, ಸಿಂಹದ ಮೈಯ ಗ್ರಿಫಿನ್‌ಗಳ ಶಿಥಿಲವಾದ ಕೆತ್ತನೆಗಳು, ನಾಚಿಕೆಯಿಲ್ಲದ ಪುಟ್ಟ ಹುಡುಗರು, ನಡುವೆ 1500 ಎಂಬ ಇಸವಿ. ಗುಡ್ಡದ ಮೇಲಿನ ರೈತನ ಮನೆಗೆ ಇಷ್ಟು ಕೆತ್ತನೆಯೇ? ಹ್ಯಾಲಿಫ್ಯಾಕ್ಸ್ ಬಳಿ ಹೈ ಸಂಡರ್ಲೆಂಡ್ ಎಂಬ ಹಳೆಯ ಬಂಗಲೆಯಿತ್ತು. ಅದರ ಹೆಬ್ಬಾಗಿಲಲ್ಲಿ ಇಂಥವೇ ವಿಕಾರ ಕೆತ್ತನೆಗಳಿದ್ದವು. 1838ರಲ್ಲಿ ಎಮಿಲಿ ಪಾಠ ಹೇಳಲು ಹೋದ ಲಾ ಹಿಲ್ ಶಾಲೆ ಅಲ್ಲಿಗೆ ದೂರವಲ್ಲ. ಕೆತ್ತನೆ ಅಲ್ಲಿಂದ, ಗಾಳಿ ಟಾಪ್ ವಿದೆನ್ಸ್‌ನಿಂದ ಬಂದಿರಬಹುದು. ಆ ಬಂಗಲೆಯನ್ನು ಕೆಡವಿ ದಶಕಗಳಾದವು. ಪ್ರವಾಸಿಗರೆಲ್ಲ ಟಾಪ್ ವಿದೆನ್ಸ್‌ಗೇ ಹತ್ತುವುದಕ್ಕೆ ಅದೂ ಒಂದು ಕಾರಣವೆಂದು ನನ್ನ ಗುಮಾನಿ.

ಚಾಟ್ಸ್‌ವರ್ತ್ ಬಂಗಲೆಯನ್ನು ‘ಪ್ರೈಡ್ ಅಂಡ್ ಪ್ರೆಜುಡಿಸ್’ ಕಾದಂಬರಿಯ ಡಾರ್ಸಿಯ ಮನೆ ಪೆಂಬರ್ಲಿ ಎಂದಿರುವುದನ್ನು ದಯವಿಟ್ಟು ತೆಗೆಯಿರಿ. ಜೇನ್ ಆಸ್ಟೆನ್ ಅದೇ ಕಾದಂಬರಿಯಲ್ಲಿ ಚಾಟ್ಸ್‌ವರ್ತ್ ಹೆಸರನ್ನು ಬೇರೆಯಾಗಿಯೇ ಹೇಳಿದ್ದಾರೆ. ಆ ಕಾದಂಬರಿಯನ್ನಾಧರಿಸಿದ 2005ರ ಸಿನಿಮಾ ಅಲ್ಲಿ ಚಿತ್ರೀಕರಣವಾದದ್ದು ಸಾಕ್ಷ್ಯವಾಗದು.

ಯಾರ್ಕ್‌ಷೈರಿನದೇ ಹಳೆಯ ಬಂಗಲೆ ನಾರ್ಟನ್ ಕನ್ಯರ್ಸ್ ಇರಲಿ. ಆದರೆ ಅಟ್ಟಕ್ಕೆ ಹೋಗುವ ಗುಪ್ತ ಮೆಟ್ಟಿಲು 2004ರಲ್ಲಿ ಸಿಕ್ಕಿತು, ಹುಚ್ಚು ಹೆಂಡತಿಯನ್ನು ಅಟ್ಟದಲ್ಲಿ ಕೂಡಿಟ್ಟ ‘ಜೇನ್ ಐರ್’ ಕಾದಂಬರಿಯ ಮನೆ ಯಾವುದೆಂಬ ಒಗಟು ಬಿಡಿಸಿತು ಎಂದಿದ್ದೀರಲ್ಲ, ಅಷ್ಟು ಅವಸರ ಬೇಡ. ಮೆಟ್ಟಿಲು ಸಿಕ್ಕಿದ್ದು ಮೆಟ್ಟಿಲಿತ್ತು ಎಂಬುದಕ್ಕೆ ಪುರಾವೆ. ಆ ಕಾದಂಬರಿ ಬರೆದ, ಎಮಿಲಿಯ ಅಕ್ಕ ಶಾರ್ಲಟ್ ಅದನ್ನು ಕಂಡಿದ್ದರೇ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ, ಉಳಿಯಲು ಬಿಡಿ.

ಉಳಿದ ಆರು ಮನೆಗಳನ್ನು ಕೈಬಿಟ್ಟು, ಟಾಪ್ ವಿದೆನ್ಸ್‌ಗೇ ಅರ್ಧ ಲೇಖನ ಕೊಟ್ಟು ಮತ್ತೆ ಬರೆಯಿರಿ. ಪಾಳು ಗೋಡೆಯ ನಾಲ್ಕು ಚಿತ್ರ ಕಳುಹಿಸಿದ್ದೀರಿ, ಚೆನ್ನಾಗಿವೆ. ಫಲಕ ಯಾವುದರಲ್ಲೂ ಇಲ್ಲ. ತೆಗೆದಿದ್ದರೆ ಅದನ್ನೂ ಕಳುಹಿಸಿ.

ಸಂಪಾದಕ